ವಾಟರ್ ಪಂಪ್ ಹಾಕಿಸಿದ 11ನೇ ದಿನಕ್ಕೆ ಇಂಜಿನ್ ಜಾಮ್, ಗ್ಯಾರೇಜಿನವರು ನಮಗೆ ಸಂಬಂಧ ಇಲ್ಲ ಅಂತಾರೆ

ನವನಗರದವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದರೆ ಪೂರ್ತಿ ಹೇಳದಿದ್ದರೆ ಆಮೇಲೆ ನೀವೇ ಒಂದೊಂದಾಗಿ ಕೇಳುತ್ತೀರಿ, ಅದಕ್ಕೇ.

ನನ್ನದು 2013ರ ಡೀಸೆಲ್ ಕಾರು. 1,38,000 ಕಿ.ಮೀ. ಓಡಿದೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಕಂಪನಿಯದ್ದು ಇದರಲ್ಲಿ ಏನೂ ತಪ್ಪಿಲ್ಲ. ಹೋದ ತಿಂಗಳು ವಾಟರ್ ಪಂಪಿನಿಂದ ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಡುವ ನೀರು, ಸೋರೋಕೆ ಶುರುವಾಯಿತು. ಬೆಳಿಗ್ಗೆ ಗಾಡಿ ತೆಗೆದರೆ ಕೆಳಗೆ ಅಂಗೈ ಅಗಲ ಒದ್ದೆ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಗ್ಯಾರೇಜಿಗೆ ಕೊಟ್ಟೆ. ನಾಲ್ಕು ವರ್ಷದಿಂದ ಅಲ್ಲೇ ಮಾಡಿಸುತ್ತಿದ್ದೇನೆ, ಮಿಸ್ತ್ರಿ ಚೆನ್ನಾಗಿ ಪರಿಚಯ, ತಂಗಿಯ ಮದುವೆಗೂ ಕರೆದಿದ್ದೆ. ವಾಟರ್ ಪಂಪ್, ಥರ್ಮೋಸ್ಟಾಟ್, ಬೆಲ್ಟ್, ಹೊಸ ಕೂಲೆಂಟ್, ಕೂಲಿ ಎಲ್ಲ ಸೇರಿ 9,400 ರೂಪಾಯಿ. ಫೋನ್‌ಪೇ ಮಾಡಿದೆ. ಬಿಲ್ ಅಂತ ಕೊಟ್ಟಿದ್ದು ಒಂದು ಬಿಳಿ ಚೀಟಿ. ಅದರ ಮೇಲೆ ಗ್ಯಾರೇಜಿನ ಹೆಸರೂ ಇಲ್ಲ.

11ನೇ ದಿನ ಅವ್ವನನ್ನು ಕೂರಿಸಿಕೊಂಡು ರಾಣೆಬೆನ್ನೂರಿಗೆ ಹೊರಟೆ. ವರೂರು ದಾಟಿತು. ತಡಸ ಕ್ರಾಸ್ ದಾಟಿದ ಮೇಲೆ ಎ.ಸಿ. ತಣ್ಣಗೆ ಬರುವುದು ನಿಂತಿತು. ಅವ್ವ "ಗಾಳಿ ಬಿಸಿ ಬರಾಕತ್ತೈತಿ ನೋಡ" ಅಂದಳು. ಗ್ಯಾಸ್ ಖಾಲಿ ಆಗಿರಬೇಕು ಅಂದುಕೊಂಡೆ. ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗಿತ್ತು, ನೋಡನೋಡುತ್ತಲೇ ತಾನೇ ಕೆಳಗೆ ಇಳಿಯಿತು, ಸದ್ಯ ಅಂತ ಸುಮ್ಮನಾದೆ. ಎರಡು ಮೂರು ನಿಮಿಷಕ್ಕೆ ಬಾನೆಟ್ಟಿನಿಂದ ಹಬೆ. ಪಕ್ಕಕ್ಕೆ ಹಾಕಿ ನೋಡಿದರೆ ಕೂಲೆಂಟ್ ಡಬ್ಬಿ ಖಾಲಿ. ಕಾಲು ಗಂಟೆ ಕಾದು, ಡಬ್ಬಿ ಅಂಗಡಿಯಿಂದ ನಾಲ್ಕು ಬಾಟಲಿ ನೀರು ತಂದು ಹಾಕಿದೆ. ಶಿಗ್ಗಾವಿ ಆರೇ ಕಿಲೋಮೀಟರ್ ಅಲ್ವಾ, ಮೆಲ್ಲಗೆ ಹೋದರಾಯಿತು ಅಂತ ಹೊರಟೆ. ಊರು ಇನ್ನೇನು ಬಂತು ಅನ್ನುವಾಗ ಗಾಡಿ ಎಳೆಯೋದು ಬಿಟ್ಟಿತು, ಟಕಟಕ ಸದ್ದು, ನಿಂತೇಬಿಟ್ಟಿತು. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತಲೇ ಇಲ್ಲ.

1033ಕ್ಕೆ ಫೋನ್ ಮಾಡಿದೆ, ಹೆದ್ದಾರಿಯವರ ಕ್ರೇನ್ ಬಂದು ಶಿಗ್ಗಾವಿಗೆ ಬಿಟ್ಟಿತು. ಅಲ್ಲಿಂದ ಹುಬ್ಬಳ್ಳಿಗೆ ಬೇರೆ ಗಾಡಿ ಮಾಡಿ ತಂದಿದ್ದಕ್ಕೆ 4,500. ಈಗ ಕಾರವಾರ ರಸ್ತೆಯ ಇನ್ನೊಂದು ಗ್ಯಾರೇಜಿನಲ್ಲಿ ನಿಂತಿದೆ. ಅವರ ಅಂದಾಜು 78,000. ಹೆಡ್, ಅಂದರೆ ಇಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ, ಹೋಗಿದೆ, ಪಿಸ್ಟನ್ನೂ ಹಿಡಿದಿರಬಹುದು ಅಂತಾರೆ.

ಮೊದಲಿನ ಮಿಸ್ತ್ರಿಗೆ ಹೇಳಿದರೆ: "ಪಂಪ್ ಚಲೋ ಐತ್ರಿ ಸರ. ಬಿಸಿ ಆದಮ್ಯಾಲ ನೀವ್ಯಾಕ ಓಡ್ಸಿದ್ರಿ? ಅದು ನಮಗ ಸಂಬಂಧ ಇಲ್ಲ."

ಹನ್ನೊಂದು ದಿನದಲ್ಲಿ 640 ಕಿ.ಮೀ. ಓಡಿಸಿದ್ದೇನೆ ಅಷ್ಟೇ. ಅವರು ಕೈ ಹಾಕಿದ ಜಾಗದಲ್ಲೇ ನೀರು ಹೋಗಿದೆ. ಇದಕ್ಕೆ ಅವರು ಜವಾಬ್ದಾರರಲ್ಲವಾ?

ತಾರಿಹಾಳ ಟರ್ನರ್:

ಇಂಜಿನ್ ಬಿಚ್ಚಿಸಬೇಡಿ. ಉಳಿದದ್ದೆಲ್ಲ ಆಮೇಲೆ. ಈಗಲೇ ಆ ಕಾರವಾರ ರಸ್ತೆಯವರಿಗೆ ಫೋನ್ ಹಚ್ಚಿ, ಒಂದು ಬೋಲ್ಟ್ ಕೂಡ ಮುಟ್ಟಬೇಡಿ ಅಂತ ಹೇಳಿ.

ಬ್ಯಾಡಗಿ ಖಾರ:

ಕಾದ ಹಂಚಿಗೆ ನೀರು ಹೊಯ್ದ ಹಾಗೆ ಕಾದ ಇಂಜಿನ್ನಿಗೆ ನಾಲ್ಕು ಬಾಟಲಿ ತಣ್ಣೀರು. ಮೇಲಿಂದ ಆರು ಕಿಲೋಮೀಟರ್ ಸವಾರಿ. ಮಿಸ್ತ್ರಿ ಹೇಳಿದ್ದು ಕಹಿ ಇರಬಹುದು, ಸುಳ್ಳಂತೂ ಅಲ್ಲ.

ಉಣಕಲ್ ಅಕ್ಕ:

ಖಾರಪ್ಪ, ನೀವು ಮನೆಯಲ್ಲಿ ಫ್ಯಾನ್ ಕೆಳಗೆ ಕೂತು ಹೇಳುತ್ತಿದ್ದೀರಿ. ಪಕ್ಕದಲ್ಲಿ ವಯಸ್ಸಾದ ತಾಯಿ, ಹೆದ್ದಾರಿ, ಬಿಸಿಲು, ಲಾರಿಗಳು ರೊಯ್ ಅಂತ ಹೋಗುತ್ತಿರುತ್ತವೆ. ಆ ಹೊತ್ತಿಗೆ ಹತ್ತರಲ್ಲಿ ಎಂಟು ಜನ ಅದೇ ಮಾಡುತ್ತಾರೆ. ಸರಿ ಅಂತ ಅಲ್ಲ, ಆದರೆ ಮಾಡುತ್ತಾರೆ.

ನವನಗರದ ಸರ್, ನೀರು ನಿಖರವಾಗಿ ಎಲ್ಲಿಂದ ಹೋಯಿತು? ಪಂಪಿನಿಂದಲಾ, ಪೈಪಿನಿಂದಲಾ, ರೇಡಿಯೇಟರಿನಿಂದಲಾ? ಬಾನೆಟ್ ಎತ್ತಿದಾಗ ಫೋಟೋ ಏನಾದರೂ ತೆಗೆದಿರಾ? ತೆಗೆದ ಹಳೇ ಸಾಮಾನು ವಾಪಸ್ ಕೊಟ್ಟಿದ್ದರಾ?

ನವನಗರದವ:

ಟರ್ನರ್ ಅಣ್ಣಾ, ಫೋನ್ ಮಾಡಿದೆ. ಇನ್ನೂ ಮುಟ್ಟಿಲ್ಲ, ಆಯಿಲ್ ನೋಡುವ ಡಿಪ್‌ಸ್ಟಿಕ್ ಮಾತ್ರ ತೆಗೆದು ನೋಡಿದ್ದಾರೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದೆ.

ಅಕ್ಕಾ, 40 ಸೆಕೆಂಡಿನ ವಿಡಿಯೋ ಇದೆ, ಗೆಳೆಯನಿಗೆ ಕಳಿಸಿ ಕೇಳೋಣ ಅಂತ ಮಾಡಿದ್ದು. ಥರ್ಮೋಸ್ಟಾಟ್ ಹೌಸಿಂಗಿಗೆ ಸೇರುವ ದಪ್ಪ ಹೋಸ್ ಪೈಪ್ ಇರುತ್ತಲ್ಲ, ಅದರ ಬುಡದಿಂದ ಹಬೆ ಬರುತ್ತಿರುವುದು ಕಾಣುತ್ತೆ. ಹಳೇ ಪಂಪ್ ಕೊಟ್ಟಿದ್ದರು, ಮನೆಯಲ್ಲಿದೆ.

ತಾರಿಹಾಳ ಟರ್ನರ್:

ನಾನು ಲೇಥ್ ಮೇಲೆ 22 ವರ್ಷ ಕೆಲಸ ಮಾಡಿದವನು, ಹೆಡ್ ಫೇಸಿಂಗ್, ಅಂದರೆ ಸೊಟ್ಟಗಾದ ಹೆಡ್ಡಿನ ತಳ ಸವರಿ ಸಮ ಮಾಡುವುದು, ಎಷ್ಟು ಮಾಡಿದ್ದೇನೋ ಲೆಕ್ಕ ಇಲ್ಲ. ಬಿಸಿಯಾಗಿ ಹೋದ ಇಂಜಿನ್ ಬಂದಾಗಲೆಲ್ಲ ಹಿಂದೆ ಇದೇ ಜಗಳ ಇರುತ್ತೆ. ಹಾಗಾಗಿ ಎರಡು ಮಾತು ಬಿಡಿಸಿ ಹೇಳುತ್ತೇನೆ.

ಮುಳ್ಳು ತಾನೇ ಕೆಳಗೆ ಇಳಿಯಿತು ಅಂದಿರಲ್ಲ, ಅದು ತಂಪಾಗಿದ್ದಲ್ಲ. ಆ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತೆ. ನೀರು ಖಾಲಿ ಆದರೆ ಅದು ಗಾಳಿಯಲ್ಲಿ ನೇತಾಡುತ್ತೆ, ಮುಳ್ಳು ಸುಳ್ಳು ಹೇಳುತ್ತೆ. ಒಳಗೆ ಹೆಡ್ ಕಾಯುತ್ತಿರುತ್ತೆ, ಹೊರಗೆ ಮುಳ್ಳು ಆರಾಮಾಗಿ ಮಲಗಿರುತ್ತೆ. ಇದು ಎಷ್ಟೋ ಡ್ರೈವರುಗಳಿಗೇ ಗೊತ್ತಿಲ್ಲ. ಎ.ಸಿ. ಬಿಸಿ ಬಂದಿದ್ದೂ ಅದೇ ಲೆಕ್ಕ. ಎಷ್ಟೋ ಗಾಡಿಗಳಲ್ಲಿ ಇಂಜಿನ್ ಮಿತಿ ಮೀರಿ ಕಾದರೆ ಕಂಪ್ಯೂಟರ್ ತಾನೇ ಎ.ಸಿ. ಕಂಪ್ರೆಸರ್ ನಿಲ್ಲಿಸಿಬಿಡುತ್ತೆ. ಹಾಗಾಗಿ ಮೊದಲ ಸಲ ನಿಲ್ಲಿಸುವವರೆಗೆ ಏನಾಯಿತೋ ಅದಕ್ಕೆ ನಿಮ್ಮನ್ನು ಪೂರ್ತಿ ಬಯ್ಯುವುದು ನ್ಯಾಯ ಅಲ್ಲ.

ಹಬೆ ನೋಡಿದ ಮೇಲೆ ಓಡಿಸಿದ್ದು ಬೇರೆ. ಅಲ್ಲಿಂದ ಲೆಕ್ಕ ನಿಮ್ಮ ಕಡೆ ಶುರುವಾಗುತ್ತೆ. ಹೆಡ್ ಅಲ್ಯೂಮಿನಿಯಂ, ಅದರ ಕೆಳಗಿನ ಬ್ಲಾಕ್ ಬೀಡು ಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಬೀಡಿನ ಹೆಚ್ಚೂಕಡಿಮೆ ಎರಡರಷ್ಟು ಹಿಗ್ಗುತ್ತೆ. ಪಿಸ್ಟನ್ನೂ ಅಲ್ಯೂಮಿನಿಯಮ್ಮೇ. ಅದಕ್ಕೇ ಮೊದಲು ಹೆಡ್ ಸೊಟ್ಟ ಆಗಿ ಎರಡರ ನಡುವಿನ ಗ್ಯಾಸ್ಕೆಟ್ ಸುಡುತ್ತೆ, ನೀರು ಆಯಿಲಿಗೆ ಸೇರುತ್ತೆ, ಇನ್ನೂ ಓಡಿಸಿದರೆ ಪಿಸ್ಟನ್ ತಾನು ಓಡಾಡುವ ಬೋರಿಗೇ ಕಚ್ಚಿಕೊಳ್ಳುತ್ತೆ. ಹೆಡ್ ಹೋಗಿದ್ದು ಎಷ್ಟು ಮಟ್ಟಿಗೆ ಮೊದಲ ಬಿಸಿಗೆ, ಪಿಸ್ಟನ್ ಹಿಡಿದಿದ್ದು ಎಷ್ಟು ಮಟ್ಟಿಗೆ ಆ ಆರು ಕಿ.ಮೀ.ಗೆ, ಜಗಳ ಇರೋದು ಅಲ್ಲಿ. ಬಿಚ್ಚಿದಾಗ ನೋಡಿದರೆ ತಕ್ಕಮಟ್ಟಿಗೆ ಗೊತ್ತಾಗುತ್ತೆ. ಆದರೆ ಇಬ್ಬರೂ ಎದುರಿಗೆ ಇದ್ದಾಗ ಬಿಚ್ಚಬೇಕು.

ಗ್ಯಾರೇಜ್ ಮಗ:

ಹಾವೇರಿಯಿಂದ. ನಮ್ಮಪ್ಪಂದು 30 ವರ್ಷದ ಗ್ಯಾರೇಜ್, ಹಾಗಾಗಿ ನಾನು ಯಾವ ಪಕ್ಷ ಅಂತ ಮೊದಲೇ ಹೇಳಿಬಿಡುತ್ತೇನೆ.

ಎಲ್ಲರೂ ಮಿಸ್ತ್ರಿ ಮೇಲೆ ಬೀಳುವ ಮುಂಚೆ ಒಂದು ಪ್ರಶ್ನೆ. ಆ ಹೋಸ್ ಪೈಪ್ ಹೊಸದಾ, ಹಳೇದಾ? 2013ರ ಗಾಡಿ, 1,38,000 ಕಿ.ಮೀ. ಅಂದರೆ ಆ ರಬ್ಬರ್ ಅಷ್ಟೊತ್ತಿಗೆ ಉಬ್ಬಿ ಮೆತ್ತಗೆ ಆಗಿರುತ್ತೆ. ಒಂದು ಕಡೆ ಸೋರಿಕೆ ನಿಲ್ಲಿಸಿದರೆ ಸಿಸ್ಟಮ್ಮಿನಲ್ಲಿ ಒತ್ತಡ ಸರಿಯಾಗಿ ನಿಲ್ಲೋಕೆ ಶುರುವಾಗುತ್ತೆ, ಆಗ ಮುಂದಿನ ಬಡಕಲು ಜಾಗ ಬಾಯಿ ಬಿಡುತ್ತೆ. ಅದು ಮಿಸ್ತ್ರಿ ತಪ್ಪಲ್ಲ, ವಯಸ್ಸು. ಹೋಸ್ ಬದಲಿಸಿ ಅಂತ ಅವರು ನಿಮಗೆ ಹೇಳಿದ್ದರಾ ಇಲ್ಲವಾ?

ನಮ್ಮಲ್ಲಿ ದಿನಾ ನೋಡುತ್ತೇವೆ. "ಈಗ ಇದೊಂದು ಮಾಡಿಕೊಡಿ, ಅದು ಮುಂದಿನ ಸಲ" ಅಂತಾರೆ. ಮುಂದಿನ ಸಲ ಬರುವುದು ಕ್ರೇನ್ ಮೇಲೆ.

ಬ್ಯಾಡಗಿ ಖಾರ:

ನವನಗರದವರು ಆನ್‌ಲೈನ್ ಇದ್ದಾರೆ, ಉತ್ತರ ಮಾತ್ರ ಬರುತ್ತಿಲ್ಲ. 🙂

ಟೆಂಪೋ ರಾಣೆಬೆನ್ನೂರು:

ಅವರು ಉತ್ತರ ಕೊಡುವವರೆಗೆ ನನ್ನ ಕಥೆ ಕೇಳಿ. ನಾನು ಮಿನಿ ಗೂಡ್ಸ್ ಓಡಿಸುವವನು, ಸ್ವಂತ ಗಾಡಿ. ಇಂಜಿನ್ ಬೋರ್ ಮಾಡಿಸಿ ಎರಡು ಸಾವಿರ ಕಿ.ಮೀ. ಆಗಿರಲಿಲ್ಲ, ಬೇರಿಂಗ್ ಹೋಯಿತು. ಸಿಟ್ಟು ನೆತ್ತಿಗೇರಿತು. ಮಾಡಿದವನ ಮುಖ ನೋಡುವುದೇ ಬೇಡ ಅಂತ ಬೇರೆ ಕಡೆ ಬಿಚ್ಚಿಸಿ ರಿಪೇರಿ ಮಾಡಿಸಿದೆ. ಆಮೇಲೆ ಮೊದಲಿನವನ ಹತ್ತಿರ ಜಗಳಕ್ಕೆ ಹೋದರೆ "ಎಲ್ಲೈತಿ ಹಳೇ ಬೇರಿಂಗ್, ತೋರ್ಸು" ಅಂದ. ಅದನ್ನು ಎರಡನೇ ಗ್ಯಾರೇಜಿನವರು ಆಗಲೇ ಗುಜರಿಗೆ ಹಾಕಿದ್ದರು. ನನ್ನ ಹತ್ತಿರ ಇದ್ದಿದ್ದು ಸಿಟ್ಟು ಮತ್ತು 34,000 ರೂಪಾಯಿ ಬಿಲ್ಲು. ಅಲ್ಲಿಗೆ ಮುಗಿಯಿತು.

ತಮ್ಮಾ, ಆ ಹೋಸ್ ಪೈಪ್, ಕ್ಲಿಪ್ ಎರಡೂ ಇದ್ದ ಹಾಗೇ ಬೇಕು. ಒರೆಸಲೂ ಬೇಡಿ.

ನವನಗರದವ:

ಸುಮ್ನೆ ಇರಲಿಲ್ಲ ಖಾರ ಅವರೇ, ಹಳೇ ವಾಟ್ಸಾಪ್ ಹುಡುಕುತ್ತಿದ್ದೆ. ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಗಾಡಿ ಕೊಟ್ಟ ದಿನ ಮಧ್ಯಾಹ್ನ ಮಿಸ್ತ್ರಿ ಒಂದು ಆಡಿಯೋ ಕಳಿಸಿದ್ದರು. "ಸರ, ಹೋಸ್ ಪೈಪ್ ಒಂದ್ ಸ್ವಲ್ಪ ಉಬ್ಬೇತಿ, 850 ಆಕ್ಕೈತಿ, ಹಾಕ್ಲೇನ್ರಿ?" ನಾನು ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ. "ಈಗ ಬೇಡ, ಸರ್ವಿಸ್ ಟೈಮಲ್ಲಿ ನೋಡೋಣ" ಅಂತ ಟೈಪ್ ಮಾಡಿದ್ದೇನೆ. ಪೂರ್ತಿ ಮರೆತೇಹೋಗಿತ್ತು. ಅವರೂ ಜಗಳದಲ್ಲಿ ಇದನ್ನು ಎತ್ತಿರಲಿಲ್ಲ.

ಗ್ಯಾರೇಜ್ ಮಗ:

ಆಯ್ತಲ್ಲ.

ಬ್ಯಾಡಗಿ ಖಾರ:

850 ಉಳಿಸೋಕೆ ಹೋಗಿ 78,000. ಕೇಸ್ ಮುಗಿಯಿತು, ಎಲ್ಲರೂ ಮನೆಗೆ ನಡೀರಿ.

ತಾರಿಹಾಳ ಟರ್ನರ್:

ಮುಗಿದಿಲ್ಲ. ಗ್ಯಾರೇಜ್ ಮಗನೇ, ನಿಮ್ಮಪ್ಪನನ್ನೇ ಕೇಳಿ ನೋಡಿ, ಅವರೂ ಇದನ್ನೇ ಕೇಳುತ್ತಾರೆ: ಹೋಸ್ ಎಲ್ಲಿ ಒಡೆದಿದೆ?

ಮಧ್ಯದಲ್ಲಿ ಉಬ್ಬಿ ಬಾಯಿಬಿಟ್ಟಿದ್ದರೆ ಅದು ಹೋಸಿನ ವಯಸ್ಸು, ಮಿಸ್ತ್ರಿ ಬಚಾವ್. ಹೌಸಿಂಗಿನ ಮೂತಿಯಿಂದ ಜಾರಿ ಕಳಚಿಕೊಂಡಿದ್ದರೆ ಅದು ಪೂರ್ತಿ ಒಳಗೆ ತಳ್ಳಿಲ್ಲ ಅಂತ ಅರ್ಥ. ಆ ಮೂತಿಗೆ ಒಂದು ಏಣು ಇರುತ್ತೆ, ಹೋಸ್ ಅದನ್ನು ದಾಟಿ ಕೂತ ಮೇಲೆ ಅದರ ಹಿಂದೆ ಕ್ಲಿಪ್ ಹಾಕಬೇಕು. ಕ್ಲಿಪ್ ಕೂರುವ ಅಂಚಿನಲ್ಲೇ ಚಾಕುವಿನಿಂದ ಕೊಯ್ದ ಹಾಗೆ ಸೀಳಿದ್ದರೆ, ಕ್ಲಿಪ್ಪನ್ನು ಮಿತಿಮೀರಿ ಬಿಗಿ ಮಾಡಿದ್ದಾರೆ. ಕಂಪನಿಯಿಂದ ಬಂದ ಗಾಡಿಗಳಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಕ್ಲಿಪ್ ಇರುತ್ತೆ, ಬಿಸಿಗೆ ಹೋಸ್ ಹಿಗ್ಗಿದರೆ ಅದೂ ಬಿಟ್ಟುಕೊಡುತ್ತೆ, ಕುಗ್ಗಿದರೆ ಅದೂ ಹಿಡಿಯುತ್ತೆ. ಅದನ್ನು ತೆಗೆದು ಸ್ಕ್ರೂ ಕ್ಲಿಪ್ ಹಾಕಿ ಕಿರ್ ಅನ್ನುವವರೆಗೆ ತಿರುಗಿಸಿದರೆ ಮೆತ್ತಗಾದ ರಬ್ಬರಿಗೆ ಅದು ಕಚ್ಚಿ ಕೂರುತ್ತೆ. ಆಮೇಲೆ ಒಂದೊಂದು ಸಲ ಬಿಸಿಯಾದಾಗಲೂ ಸ್ವಲ್ಪ ಸ್ವಲ್ಪ ಕೊಯ್ಯುತ್ತಾ ಹೋಗುತ್ತೆ. ಹನ್ನೊಂದು ದಿನ ಅಂದರೆ ಅದಕ್ಕೆ ಸರಿಯಾಗಿ ಹೊಂದುತ್ತೆ.

ಇನ್ನೊಂದು. ಥರ್ಮೋಸ್ಟಾಟ್ ಬದಲಿಸಬೇಕಾದರೆ ಆ ಹೋಸ್ ಬಿಚ್ಚಲೇಬೇಕು. ಅಂದರೆ ಆ ಜಾಯಿಂಟ್ ಅವರ ಕೆಲಸದ ಒಳಗೇ ಬಂತು.

ನವನಗರದವ:

ಸಂಜೆ ಹೋಗಿ ಹತ್ತಿರದಿಂದ ನಾಲ್ಕು ಫೋಟೋ ತೆಗೆದೆ, ಹಾಕಿದ್ದೇನೆ ನೋಡಿ. ಬಿಚ್ಚಿಲ್ಲ, ಇದ್ದಲ್ಲೇ ಟಾರ್ಚ್ ಬಿಟ್ಟು ತೆಗೆದಿದ್ದು. ಕ್ಲಿಪ್ಪಿನ ಅಂಚಿಗೆ ಸರಿಯಾಗಿ ಹೆಬ್ಬೆರಳಿನಷ್ಟು ಉದ್ದ ಸೀಳು. ಇನ್ನೊಂದು ತುದಿಯಲ್ಲಿ ಸ್ಪ್ರಿಂಗ್ ಕ್ಲಿಪ್ಪೇ ಇದೆ, ಈ ತುದಿಯಲ್ಲಿ ಮಾತ್ರ ಸ್ಕ್ರೂ ಕ್ಲಿಪ್, ಹೊಳೆಯುತ್ತಿದೆ, ಹೊಸದು.

ಗ್ಯಾರೇಜ್ ಮಗ:

ಫೋಟೋ ಅಪ್ಪನಿಗೆ ತೋರಿಸಿದೆ. ಎರಡು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ "ಹುಡುಗ ಬಿಗಿದಾನ, ದೊಡ್ಡಾಂವ ನೋಡಿಲ್ಲ" ಅಂದರು.

ಸರಿ, ಅರ್ಧ ಒಪ್ಪುತ್ತೇನೆ. ಆದರೆ ಹೊಸ ಹೋಸ್ ಹಾಕಿದ್ದರೆ ಅಷ್ಟು ಬಿಗಿದರೂ ತಡೆಯುತ್ತಿತ್ತು ಅನ್ನೋದೂ ನಿಜ ಅಲ್ವಾ?

ಉಣಕಲ್ ಅಕ್ಕ:

ಹೋಸ್ ಉಬ್ಬಿದೆ ಅಂತ ಗೊತ್ತಿದ್ದೇ ಅದರ ಮೇಲೆ ಸ್ಕ್ರೂ ಕ್ಲಿಪ್ ಅಷ್ಟು ಬಿಗಿದರಲ್ಲ, ಅದು ಜಾಸ್ತಿ ತಪ್ಪಲ್ಲವಾ? ನನಗೆ ಗಾಡಿ ವಿಷಯ ಅಷ್ಟು ಗೊತ್ತಿಲ್ಲ, ಆದರೆ ಹಳೇ ಸೀರೆ ಅಂತ ಗೊತ್ತಿದ್ದರೆ ಮೆಲ್ಲಗೆ ಹಿಂಡಬೇಕು. "ಸ್ವಲ್ಪ ಉಬ್ಬೇತಿ" ಅಂದರೆ ಗಿರಾಕಿಗೆ ಏನು ಅರ್ಥ ಆಗಬೇಕು? ಇದು ದಾರಿಯಲ್ಲಿ ಕೈ ಕೊಡಬಹುದು, ಇಂಜಿನ್ನೇ ಹೋಗಬಹುದು ಅಂತ ಹೇಳಿದ್ದರೆ ಅವರು ಬೇಡ ಅನ್ನುತ್ತಿದ್ದರಾ?

ವಕೀಲ ಅಲ್ಲ, ಗದಗ:

ಹೆಸರಲ್ಲೇ ಇದೆ, ನಾನು ವಕೀಲ ಅಲ್ಲ. ಒಂದು ಫ್ರಿಜ್ ವಿಷಯಕ್ಕೆ ಗದಗಿನ ಗ್ರಾಹಕರ ಆಯೋಗದಲ್ಲಿ ನಾನೇ ನಿಂತು ಓಡಾಡಿದ್ದೇನೆ, ಆಗ ಕಾನೂನು ಸ್ವಲ್ಪ ತಲೆಗೆ ಹತ್ತಿತು. ಗೊತ್ತಿರುವಷ್ಟು ಹೇಳುತ್ತೇನೆ.

ಇದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಒಳಗೆ ಬರುತ್ತೆ. ದುಡ್ಡು ಕೊಟ್ಟು ರಿಪೇರಿ ಮಾಡಿಸಿದ್ದೀರಿ, ಅದು ಸೇವೆ. ಅದರಲ್ಲಿ ಕೊರತೆ ಇದ್ದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ನಿಮ್ಮದು ಧಾರವಾಡ ಜಿಲ್ಲೆ, ಆಯೋಗ ಧಾರವಾಡದಲ್ಲಿದೆ. ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಹಾಗಾಗಿ ಗ್ಯಾರೇಜ್ ಬೇರೆ ಊರಿನಲ್ಲಿದ್ದರೂ ನಡೆಯುತ್ತಿತ್ತು. ಎರಡು ವರ್ಷದ ಒಳಗೆ ಹಾಕಬೇಕು. ಶುಲ್ಕ ಲೆಕ್ಕ ಹಾಕುವುದು ನೀವು ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ದುಡ್ಡಿನ ಮೇಲೆ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ನಿಮ್ಮದು 9,400. ವಕೀಲರು ಕಡ್ಡಾಯ ಅಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಹಾಕಬಹುದು. ಅದಕ್ಕೂ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಅವರಿಗೆ ತೀರ್ಪು ಕೊಡುವ ಅಧಿಕಾರ ಇಲ್ಲ, ಆದರೆ ದೂರು ಕೊಟ್ಟ ದಾಖಲೆ ಉಳಿಯುತ್ತೆ.

ಬಿಲ್ ಕೊಡದಿರುವುದು ಆ ಕಾಯ್ದೆಯಲ್ಲೇ ಅನುಚಿತ ವ್ಯಾಪಾರ ಪದ್ಧತಿ ಅಂತ ಹೇಳಿದೆ. ಹಾಗಾಗಿ ಬಿಳಿ ಚೀಟಿ ಅಂತ ಬೇಜಾರಾಗಬೇಡಿ. ಅದೂ, ಫೋನ್‌ಪೇ ದಾಖಲೆಯೂ, ಆ ಆಡಿಯೋನೂ ಸೇರಿದರೆ ಕೆಲಸ ಮಾಡಿದ್ದು ಅವರೇ ಅಂತ ತೋರಿಸೋಕೆ ಸಾಕು. ಆಡಿಯೋ ಅಳಿಸಬೇಡಿ. ನಿಮಗೆ ವಿರುದ್ಧ ಇದ್ದರೂ ಕೂಡ. ಅದು ಅವರ ಫೋನಿನಲ್ಲೂ ಇದೆ, ನೀವು ಅಳಿಸಿದರೆ ನಿಮ್ಮ ಮಾತಿಗೇ ಬೆಲೆ ಹೋಗುತ್ತೆ.

ಈಗ ಕಹಿ ಭಾಗ. ತಪ್ಪು ಅವರದು ಅಂತ ತೋರಿಸಬೇಕಾದವರು ನೀವು. "ಮೊನ್ನೆ ರಿಪೇರಿ, ಇವತ್ತು ಕೆಟ್ಟಿತು" ಅನ್ನೋದು ಅನುಮಾನ ಹುಟ್ಟಿಸುತ್ತೆ, ಅದೇ ಪುರಾವೆ ಆಗುವುದಿಲ್ಲ. ಗೊತ್ತಿರುವವರು ನೋಡಿ ಬರೆದುಕೊಟ್ಟ ವರದಿ ಬೇಕು. ಎರಡನೇ ಗ್ಯಾರೇಜಿನವರು ಬರೆದುಕೊಟ್ಟರೆ ಎದುರಿನವರು "ಅವನಿಗೆ ಕೆಲಸ ಸಿಗುತ್ತೆ, ಬರೆದಿದ್ದಾನೆ" ಅನ್ನುತ್ತಾರೆ. ಲೈಸೆನ್ಸ್ ಇರುವ ವಾಹನ ಸರ್ವೇಯರ್ ಒಬ್ಬರನ್ನು ಕರೆಸಿ ನೋಡಿಸಿದರೆ ತೂಕ ಜಾಸ್ತಿ.

ಇನ್ನು ಆ ಆರು ಕಿ.ಮೀ. 1872ರ ಕರಾರು ಕಾಯ್ದೆಯ 73ನೇ ಕಲಮಿನ ವಿವರಣೆಯಲ್ಲಿ, ನಷ್ಟ ಅಳೆಯುವಾಗ ಅದನ್ನು ತಪ್ಪಿಸೋಕೆ ನಿಮ್ಮ ಕೈಯಲ್ಲಿ ಏನು ದಾರಿ ಇತ್ತು ಅಂತಲೂ ನೋಡಬೇಕು ಅಂತ ಇದೆ. 1033 ನಂಬರ್ ನಿಮಗೆ ಗೊತ್ತಿತ್ತು, ಆಮೇಲೆ ಫೋನ್ ಮಾಡಿದ್ದೀರಿ. ಮೊದಲೇ ಯಾಕೆ ಮಾಡಲಿಲ್ಲ ಅಂತ ಕೇಳುತ್ತಾರೆ. ಉತ್ತರ ಈಗಲೇ ತಯಾರು ಇಟ್ಟುಕೊಳ್ಳಿ.

ಟೆಂಪೋ ರಾಣೆಬೆನ್ನೂರು:

ಗದಗ ಸರ್, ನನ್ನದು ಬಾಡಿಗೆ ಗಾಡಿ, ವ್ಯಾಪಾರ ಅಂತ ಗ್ರಾಹಕರ ಆಯೋಗದಲ್ಲಿ ತೆಗೆದುಕೊಳ್ಳುವುದಿಲ್ಲ ಅಂದಿದ್ದರು ಯಾರೋ.

ವಕೀಲ ಅಲ್ಲ, ಗದಗ:

ಸ್ವಂತ ಹೊಟ್ಟೆಪಾಡಿಗೆ ನೀವೇ ಓಡಿಸುವ ಗಾಡಿ ಆದರೆ ನೀವೂ ಗ್ರಾಹಕರೇ ಅಣ್ಣಾ. ಹತ್ತು ಗಾಡಿ ಇಟ್ಟು ಡ್ರೈವರುಗಳ ಕೈಲಿ ಓಡಿಸುವವರ ಲೆಕ್ಕ ಬೇರೆ. ನಿಮಗೆ ಹೇಳಿದವರು ಅರ್ಧ ಹೇಳಿದ್ದಾರೆ.

ಟೆಂಪೋ ರಾಣೆಬೆನ್ನೂರು:

ಈಗ ಗೊತ್ತಾಯಿತು ನೋಡ್ರಿ, ನಾಲ್ಕು ವರ್ಷ ಆದ ಮೇಲೆ.

ನವನಗರದವ:

ಇನ್ಶೂರೆನ್ಸಿನಲ್ಲಿ ಏನಾದರೂ ಸಿಗಬಹುದಾ?

ವಕೀಲ ಅಲ್ಲ, ಗದಗ:

ಸಾಮಾನ್ಯ ಪಾಲಿಸಿಯಲ್ಲಿ ಇಲ್ಲ. ಯಾಂತ್ರಿಕ ತೊಂದರೆಯಿಂದ ಕೆಟ್ಟಿದ್ದಕ್ಕೆ ಕೊಡುವುದಿಲ್ಲ ಅಂತ ಅದರಲ್ಲೇ ಬರೆದಿರುತ್ತೆ. ಇಂಜಿನ್ ಪ್ರೊಟೆಕ್ಟ್ ಅಂತ ಹೆಚ್ಚುವರಿ ಕವರ್ ತೆಗೆದುಕೊಂಡಿದ್ದರೆ ಪಾಲಿಸಿ ತೆಗೆದು ಓದಿ, ಇಷ್ಟು ಹಳೇ ಗಾಡಿಗೆ ಅದು ಇರುವುದು ಕಷ್ಟ.

ಇನ್ನೊಂದು ಮರೆತಿದ್ದೆ. ಕಾರವಾರ ರಸ್ತೆಯವರು ಕೆಲಸ ಮಾಡಿದ ಮೇಲೆ ದುಡ್ಡು ಕೊಡುವವರೆಗೆ ಗಾಡಿ ಹಿಡಿದಿಟ್ಟುಕೊಳ್ಳಬಹುದು, ಅದಕ್ಕೆ ಕಾನೂನಿನಲ್ಲೇ ಹಕ್ಕಿದೆ. ಮೊದಲಿನವರು ಕೊಟ್ಟರೆ ನಿಮಗೆ ಕೊಡುತ್ತೇನೆ ಅಂತ ಇವರಿಗೆ ಹೇಳೋಕೆ ಆಗುವುದಿಲ್ಲ. ಹಾಗಾಗಿ ಯಾರು ಎಷ್ಟು ಅನ್ನೋದು ಸ್ಪಷ್ಟ ಆಗುವ ಮುಂಚೆ ಕೆಲಸ ಶುರು ಮಾಡಿಸಬೇಡಿ.

ಬ್ಯಾಡಗಿ ಖಾರ:

ನಾನು ಖಾರ ಮಾತಾಡುತ್ತೇನೆ ನಿಜ, ಒಂದು ಒಳ್ಳೆಯ ಮಾತೂ ಹೇಳುತ್ತೇನೆ. ನೋಟಿಸ್ ಕೊಡುವ ಮುಂಚೆ ಒಮ್ಮೆ ಹೋಗಿ ಕೂತು ಮಾತಾಡಿ. ನಾಲ್ಕು ವರ್ಷದ ಪರಿಚಯ ಅಂತೀರಿ, ಮದುವೆ ಊಟಕ್ಕೂ ಬಂದಿದ್ದಾರೆ. ಅವರು ಹೋಸ್ ಆಡಿಯೋ ವಿಷಯ ಎತ್ತಲೇ ಇಲ್ಲ ಅಂದಿರಲ್ಲ, ಒಂದೋ ಮರೆತಿದ್ದಾರೆ, ಇಲ್ಲಾ ಕ್ಲಿಪ್ ವಿಷಯ ಅವರಿಗೂ ಗೊತ್ತಿದೆ. ಫೋಟೋ ತೋರಿಸಿ. ಆಡಿಯೋನೂ ನೀವೇ ಮೊದಲು ಕೇಳಿಸಿ. ಮುಚ್ಚಿಟ್ಟುಕೊಂಡು ಹೋದರೆ ಅವರೂ ಮುಚ್ಚಿಟ್ಟುಕೊಳ್ಳುತ್ತಾರೆ.

ವಕೀಲ ಅಲ್ಲ, ಗದಗ:

ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ. ಮೊದಲು ನೋಟಿಸ್, 15 ದಿನ ಸಮಯ, ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ ದಾಖಲೆ ಇಟ್ಟುಕೊಂಡು. ಮಾತು ಆಮೇಲೆ. ಬಾಯಿಮಾತಿನಲ್ಲಿ ಒಪ್ಪಿದ್ದು ಬಾಯಲ್ಲೇ ಉಳಿಯುತ್ತೆ.

ಗ್ಯಾರೇಜ್ ಮಗ:

ನೋಟಿಸ್ ಬಂದ ದಿನವೇ ನಮ್ಮಪ್ಪನಂಥವರು ಗಟ್ಟಿಯಾಗಿಬಿಡುತ್ತಾರೆ ಸರ್. ಖಾರಪ್ಪ ಹೇಳಿದ್ದೇ ಸರಿ.

ನವನಗರದವ:

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ನೋಟಿಸ್ ಕೊಡಲಿಲ್ಲ, ಗದಗ ಸರ್ ಬೇಜಾರಾಗಬೇಡಿ. ಆದರೆ ನಿಮ್ಮ ಮಾತಿನ ಹಾಗೆ ವಾಟ್ಸಾಪಿನಲ್ಲಿ ಬರೆದೆ: ಭಾನುವಾರ ಹತ್ತು ಗಂಟೆಗೆ ಇಂಜಿನ್ ಬಿಚ್ಚುತ್ತಾರೆ, ನೀವು ಬನ್ನಿ, ನಿಮಗೆ ಬೇಕಾದವರನ್ನೂ ಕರೆತನ್ನಿ, ಬರದಿದ್ದರೆ ವಿಡಿಯೋ ಮಾಡಿ ಬಿಚ್ಚಿಸುತ್ತೇನೆ. ನೀಲಿ ಗೆರೆ ಬಿತ್ತು. ಉತ್ತರ ಬರಲಿಲ್ಲ.

ಭಾನುವಾರ ಹತ್ತೂವರೆಗೆ ಬಂದರು. ಜೊತೆಗೆ ಅವರ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗನೂ, ಪರಿಚಯದ ಲೇಥ್‌ನವರೊಬ್ಬರೂ ಇದ್ದರು. ನಾನು ಮೊದಲೇ ಆಡಿಯೋ ಹಾಕಿ ಎಲ್ಲರಿಗೂ ಕೇಳಿಸಿದೆ. "ಹೋಸ್ ಬೇಡ ಅಂದಿದ್ದು ನಾನೇ, ಒಪ್ಪುತ್ತೇನೆ" ಅಂದೆ. ಮಿಸ್ತ್ರಿ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಹೋಸ್ ಬಿಚ್ಚಿದಾಗ ಒಳಗಡೆ ಕ್ಲಿಪ್ಪಿನ ಗುರುತು ಸುತ್ತಲೂ ಕೊರೆದ ಹಾಗೆ ಇತ್ತು. ಹಳೇ ಸ್ಪ್ರಿಂಗ್ ಕ್ಲಿಪ್ ಎಲ್ಲಿ ಅಂತ ಕೇಳಿದರೆ ಹುಡುಗ "ಅದನ್ನ ಒತ್ತೋ ಇಕ್ಕಳ ಸಿಗ್ಲಿಲ್ರಿ" ಅಂದ. ಅಷ್ಟೇ. ಜಗಳ ಅಲ್ಲಿಗೇ ಅರ್ಧ ಇಳಿಯಿತು. ಪಂಪ್ ಕೈಯಲ್ಲಿ ತಿರುಗಿಸಿ ನೋಡಿದರು, ಚೆನ್ನಾಗಿದೆ.

ಹೆಡ್ ಇಳಿಸಿದರು. ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಸುಟ್ಟಿದೆ. ಹೆಡ್ಡಿನ ತಳಕ್ಕೆ ಸ್ಟ್ರೈಟ್ ಎಡ್ಜ್ ಪಟ್ಟಿ ಇಟ್ಟು ಸಂದಿಯಲ್ಲಿ ಗೇಜ್ ತೂರಿಸಿದರೆ 0.25 ಮಿ.ಮೀ. ಹೋಗುತ್ತೆ, ಅಂದರೆ ಅಷ್ಟು ಸೊಟ್ಟ ಆಗಿದೆ. ಅದೇ ಎರಡು ಬೋರಿನಲ್ಲಿ ಪಿಸ್ಟನ್ ಉಜ್ಜಿದ ಗೆರೆಗಳು, ಒಂದು ಮತ್ತು ನಾಲ್ಕು ಪರವಾಗಿಲ್ಲ.

ತಾರಿಹಾಳ ಟರ್ನರ್:

0.25 ಜಾಸ್ತಿಯೇ. ಹೆಚ್ಚಿನ ಇಂಜಿನ್ನುಗಳಲ್ಲಿ 0.1ರ ಒಳಗೇ ಇರಬೇಕು. ಫೇಸಿಂಗಿಗೆ ಎಷ್ಟು ತೆಗೆಯಬಹುದು ಅಂತ ಆ ಇಂಜಿನ್ನಿನ ಲೆಕ್ಕ ಇರುತ್ತೆ, ಡೀಸೆಲ್‌ನಲ್ಲಿ ಅದು ಬಹಳ ಬಿಗಿ, ಜಾಸ್ತಿ ತೆಗೆದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತೆ. ಫೇಸಿಂಗ್ ಮಾಡುವ ಮುಂಚೆ ಹೆಡ್ಡನ್ನು ನೀರಿನಲ್ಲಿ ಮುಳುಗಿಸಿ ಗಾಳಿ ಬಿಟ್ಟು ಬಿರುಕು ಇದೆಯಾ ನೋಡಿಸಿ. ತಣ್ಣೀರು ಹಾಕಿದ್ದೀರಿ, ಅದಕ್ಕೇ ಹೇಳುತ್ತಿರುವುದು. ಬಿರುಕು ಇದ್ದರೆ ಫೇಸಿಂಗ್ ದುಡ್ಡು ದಂಡ.

ನವನಗರದವ:

ಮಾಡಿಸಿದೆ ಅಣ್ಣಾ, ಗುಳ್ಳೆ ಬರಲಿಲ್ಲ. ಬಿರುಕಿಲ್ಲ.

ಆಮೇಲೆ ಚಹಾ ಕುಡಿಯುತ್ತಾ ಲೆಕ್ಕಕ್ಕೆ ಕೂತೆವು. ಟರ್ನರ್ ಅಣ್ಣ ಇಲ್ಲಿ ಹೇಳಿದ್ದನ್ನೇ ನಾನು ಅಲ್ಲಿ ಹೇಳಿದೆ: ನೀರು ಹೋಗಿದ್ದು ನಿಮ್ಮ ಕ್ಲಿಪ್ಪಿನಿಂದ, ಹೆಡ್ ಅದರ ಲೆಕ್ಕಕ್ಕೆ ಬರಲಿ, ಪಿಸ್ಟನ್ ಹಿಡಿದಿದ್ದು ನನ್ನ ಆರು ಕಿಲೋಮೀಟರ್, ಅದು ನನಗಿರಲಿ. ಒಂದು ಗಂಟೆ ಎಳೆದಾಟ ಆಯಿತು. ಎರಡನೇ ಗ್ಯಾರೇಜಿನವರು ಬೋರ್ ನೋಡಿದ ಮೇಲೆ ಒಟ್ಟು 71,500ಕ್ಕೆ ಇಳಿಸಿದ್ದರು. ಕೊನೆಗೆ ಗಾಡಿ ಮೊದಲಿನ ಮಿಸ್ತ್ರಿಯ ಗ್ಯಾರೇಜಿಗೇ ಹೋಗುವುದು, ಕೂಲಿ ಪೂರ್ತಿ ಅವರದು, ಹೆಡ್ ಕೆಲಸ ಮತ್ತು ಗ್ಯಾಸ್ಕೆಟ್ ಕಿಟ್ ಅವರದು, ಆ ಎಸ್ಟಿಮೇಟ್ ಪ್ರಕಾರ ಅದು 31,000. ಪಿಸ್ಟನ್, ರಿಂಗ್, ಬೇರಿಂಗ್, ಬೋರ್, ಆಯಿಲ್ ನನ್ನದು, 40,500. ಕಾರವಾರ ರಸ್ತೆಯವರಿಗೆ ಬಿಚ್ಚಿದ ಕೂಲಿ 3,000 ಇಬ್ಬರೂ ಅರ್ಧರ್ಧ. ಟೋ ಮಾಡಿದ 4,500 ಬಗ್ಗೆ ನಾನು ಬಾಯಿ ಬಿಡಲಿಲ್ಲ.

ಉಣಕಲ್ ಅಕ್ಕ:

ಇಂಜಿನ್ ಕೆಡಿಸಿದವರ ಕೈಗೇ ಮತ್ತೆ ಕೊಟ್ಟಿರಾ?! ನನಗಾಗಿದ್ದರೆ ಧೈರ್ಯ ಬರುತ್ತಿರಲಿಲ್ಲ.

ಗ್ಯಾರೇಜ್ ಮಗ:

ಈ ಸಲ ಆ ಗ್ಯಾರೇಜಿನಲ್ಲಿ ಯಾವ ಬೋಲ್ಟೂ ಹುಡುಗನ ಕೈಗೆ ಹೋಗುವುದಿಲ್ಲ ಬಿಡಿ ಅಕ್ಕಾ. ಬೇಕಾದರೆ ಬರೆದುಕೊಡುತ್ತೇನೆ.

ವಕೀಲ ಅಲ್ಲ, ಗದಗ:

ಆಯೋಗಕ್ಕೆ ಹೋಗಿದ್ದರೆ ಇದಕ್ಕಿಂತ ಜಾಸ್ತಿ ಸಿಗುತ್ತಿತ್ತು ಅಂತ ನನ್ನ ಅನಿಸಿಕೆ, ಬಿಲ್ ಕೊಡದ ವಿಷಯ ಒಂದೇ ಸಾಕಿತ್ತು ಅವರನ್ನು ಇಕ್ಕಟ್ಟಿಗೆ ಸಿಲುಕಿಸೋಕೆ. ಆದರೆ ಅಷ್ಟು ತಿಂಗಳು ಗಾಡಿ ನಿಲ್ಲುತ್ತಿತ್ತು, ಅದೂ ನಿಜ. ಬರೆಸಿಕೊಂಡಿರಾ?

ನವನಗರದವ:

ಬರೆಸಿಕೊಂಡೆ. ಲೆಟರ್‌ಹೆಡ್ ಮೇಲೆ, ಯಾರದು ಏನು ಅಂತ, ಜೊತೆಗೆ ಆರು ತಿಂಗಳು ಅಥವಾ 10,000 ಕಿ.ಮೀ. ಗ್ಯಾರಂಟಿ. ಇಬ್ಬರೂ ಸಹಿ ಹಾಕಿದ್ದೇವೆ. "ಇನ್ನು ಯಾವ ತಕರಾರೂ ಇಲ್ಲ" ಅನ್ನುವ ಸಾಲು ಅವರು ಸೇರಿಸೋಕೆ ನೋಡಿದರು, ಸಾವಿರ ಕಿ.ಮೀ. ಓಡಿದ ಮೇಲೆ ಅದಕ್ಕೆ ಬೇರೆ ಸಹಿ ಹಾಕುತ್ತೇನೆ ಅಂದೆ. ಒಪ್ಪಿದರು. ಹೋಸಿನ ತುಂಡು, ಕ್ಲಿಪ್ ಒಂದು ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ. ಅವ್ವ ಅದೇನು ಹೊಲಸು ಅಂತ ಎರಡು ಸಲ ಕೇಳಿದಳು.

ಟೆಂಪೋ ರಾಣೆಬೆನ್ನೂರು:

ಅವ್ವಂಗೆ ಹೇಳಿಬಿಡಿ, ಎಸೀಬೇಡ ಅಂತ. ನಮ್ಮ ಮನೆಯಲ್ಲಾದರೆ ಇಷ್ಟೊತ್ತಿಗೆ ತಿಪ್ಪೆ ಸೇರಿರುತ್ತಿತ್ತು.

ಬ್ಯಾಡಗಿ ಖಾರ:

ಹೊಸ ಹೋಸ್ ಯಾರ ಲೆಕ್ಕ?

ನವನಗರದವ:

ನನ್ನದೇ. 850 ಇದ್ದಿದ್ದು ಈಗ 920 ಆಗಿದೆಯಂತೆ.